ಸಾರಂಗನ ಎಡಗಣ್ಣು

ಪಟ್ಟಣದವರು ಕುದುರೆ ನೋಡಲು ಬಂದರೆ ಮೊದಲು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಭೀಮಾತೀರದವರು ಹಾಗಲ್ಲ. ಹಲ್ಲು, ಗೊರಸು ಎಲ್ಲ ಆಮೇಲೆ, ಅವರಿಗೆ ಮೊದಲು ಬೇಕಾದದ್ದು ಸುಳಿ. ಮೈಮೇಲೆ ಕೂದಲು ತಿರುಗಿ ನಿಂತ ಕಡೆಯೆಲ್ಲ ಒಂದೊಂದು ಸುಳಿ, ಒಂದೊಂದಕ್ಕೂ ಒಂದು ಹೆಸರು, ಒಂದು ಫಲ. ಎದೆಯ ಮೇಲಿದ್ದರೆ ಮನೆಗೆ ಲಕ್ಷ್ಮಿ ಬಂದ ಹಾಗೆ. ಕಣ್ಣಿನ ಕೆಳಗೆ, ನೀರು ಜಾರುವ ಹಾದಿಯಲ್ಲೇ ಇದ್ದರೆ ಅದು ಕಣ್ಣೀರ ಸುಳಿ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಒಲೆ ಹೊತ್ತುವುದಕ್ಕಿಂತ ಮೊದಲು ಅಳು ಏಳುತ್ತದೆ ಅಂತ ಮಾತು.

ಸಾರಂಗನಿಗೆ ಇದ್ದದ್ದು ಅದೇ. ಎಡಗಣ್ಣಿನ ಕೆಳಗೆ, ರೂಪಾಯಿ ಅಗಲ.

ಆಲಮೇಲದಿಂದ ಹೊಳೆಯ ಕಡೆ ಹೋದರೆ, ಕಬ್ಬಿನ ಹೊಲ ಮುಗಿದ ಮೇಲೆ ಒಂದು ಉದ್ದನೆಯ ತಂತಿಬೇಲಿ ಸಿಗುತ್ತದೆ. ಬೋರ್ಡಿನ ಮೇಲೆ ರಾಷ್ಟ್ರೀಯ ಅಶ್ವ ತಳಿ ಕೇಂದ್ರ ಅಂತ ಬರೆದಿದೆ, ಜನರ ಬಾಯಲ್ಲಿ ಅದು ಕುದುರೆ ಫಾರ್ಮು. ಸಂಪದಾ ದೇಶಪಾಂಡೆ ಅದರ ಮುಖ್ಯಸ್ಥೆ. ಇಂಡಿ ಊರಿನ ಮಾಸ್ತರ ಮಗಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಮೇಲಿನವರ ಜೊತೆ ಇಂಗ್ಲಿಷು, ಕುದುರೆಗಳ ಜೊತೆ ಮೂರೂ. ಭೀಮಾತೀರದ ಗಿಡ್ಡ ಗಟ್ಟಿ ಕುದುರೆಯ ತಳಿ ಉಳಿಯಬೇಕು, ಅದಕ್ಕಾಗಿ ಸುತ್ತಲಿನ ಹಳ್ಳಿಗಳವರು ತಮ್ಮ ಹೆಣ್ಣು ಕುದುರೆಗಳನ್ನು ಫಾರ್ಮಿನ ಬೀಜದ ಕುದುರೆಗೆ ಬಿಡಿಸಿಕೊಂಡು ಹೋಗಬೇಕು. ಜೊತೆಗೆ ನೋಡುವ ಮಂದಿಯೂ ಬರಬೇಕು. ಅವಳ ಕೆಲಸ ಇಷ್ಟೇ. ಹೇಳಲು ಸುಲಭ.

ಬೀಜದ ಕುದುರೆ ಅಂದರೆ ಸಾರಂಗನೇ. ಅದು ಹುಟ್ಟಿದಾಗ ತಾಯಿಗೆ ಹಾಲು ಬರಲಿಲ್ಲ. ಸಂಪದಾ ಮತ್ತು ಕುದುರೆ ನೋಡಿಕೊಳ್ಳುವ ಮೋದಿನಸಾಬ ಇಬ್ಬರೂ ಸರದಿಯ ಮೇಲೆ ಬಾಟಲಿ ಹಿಡಿದು ಅದನ್ನು ದೊಡ್ಡದು ಮಾಡಿದ್ದರು. ಈಗ ದೆಹಲಿಯ ಮೇಲಧಿಕಾರಿಗಳು ಖಡಾಖಂಡಿತ ಹೇಳಿದ್ದರು: ಈ ಹಂಗಾಮಿನಲ್ಲಿ ಹೆಣ್ಣು ಕುದುರೆಗಳೂ ಬರಲಿಲ್ಲ, ಮಂದಿಯೂ ಬರಲಿಲ್ಲ ಅಂದರೆ ಫಾರ್ಮಿಗೆ ಬೀಗ. ಆಮೇಲೆ ಸಾರಂಗ ಮದುವೆ ಮೆರವಣಿಗೆಯವರ ಪಾಲು. ಪಟಾಕಿ, ಬ್ಯಾಂಡು, ಕುಡಿದ ಮದುಮಗ. ಅದನ್ನು ನೆನೆದರೆ ಸಂಪದಾಗೆ ಅನ್ನ ಇಳಿಯುತ್ತಿರಲಿಲ್ಲ.

ಪುಷ್ಯದ ಒಂದು ಬೆಳಿಗ್ಗೆ ಯಂಕಂಚಿಯ ಮಡಿವಾಳಪ್ಪಗೌಡ ತನ್ನ ಹೆಣ್ಣು ಕುದುರೆಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಸಾರಂಗನ ಎದೆ ತಟ್ಟಿ ನೋಡಿದ, ಕಾಲು ಸವರಿದ, "ಭಾಳ ಚಲೋ ಐತ್ರಿ ಬಾಯಾರ, ಕಲ್ಲಿನ್ಯಾಗ ಕಡದಂಗ ಐತಿ" ಅಂದ. ಆಮೇಲೆ ಎಡಕ್ಕೆ ಬಂದವನು ನಿಂತಲ್ಲೇ ನಿಂತ. ಕೈ ಹಿಂದಕ್ಕೆ ತೆಗೆದುಕೊಂಡ.

"ಇದಕ ಕಣ್ಣೀರ ಸುಳಿ ಐತಲ್ರಿ!"

"ಗೌಡ್ರ, ಅದು ಬರೇ ಕೂದಲ. ಕೂದಲ ಹ್ಯಾಂಗ ತಿರುಗಿದ್ರ ಏನಾತ್ರಿ?" ಅಂದಳು ಸಂಪದಾ.

"ನಿಮಗೇನೂ ಆಗಂಗಿಲ್ರಿ, ನೀವು ಸರಕಾರದೋರು. ಇದರ ಮರಿ ನನ್ನ ಮನ್ಯಾಗ ಹುಟ್ಟಿದ್ರ ಅಳೂದು ನನ್ನ ಹೆಂಡ್ತಿ."

ಟೆಂಪೋ ಬಂದ ಹಾದಿ ಹಿಡಿಯಿತು. ಅವನ ಹಿಂದೆ ಸುದ್ದಿಯೂ ಹೋಯಿತು. ಸುದ್ದಿಗೆ ಟೆಂಪೋ ಬೇಕಾಗಿಲ್ಲ. ವಾರ ಕಳೆಯುವುದರಲ್ಲಿ ಸಿಂದಗಿ, ಇಂಡಿ ಎರಡೂ ಕಡೆಯ ಕುದುರೆಯವರು ಫಾರ್ಮಿನ ಫೋನು ಎತ್ತುವುದನ್ನೇ ಬಿಟ್ಟರು.

ಆಗ ಬಂದವನು ರಾವಸಾಬ. ಕುದುರೆ ದಲಾಲ. ಮಹಾರಾಷ್ಟ್ರದ ಕುದುರೆ ಸಂತೆಗಳೆಲ್ಲ ಅವನಿಗೆ ಮನೆಯಂಗಳ. ದೇವರನ್ನು ನಂಬುತ್ತಿದ್ದನೋ ಇಲ್ಲವೋ, ತನ್ನ ನಾಲಿಗೆಯನ್ನಂತೂ ಪೂರಾ ನಂಬುತ್ತಿದ್ದ. ಹೆಣ್ಣು ಕುದುರೆಗಳು ಫಾರ್ಮಿಗೆ ಬಂದರೆ ನಾಳೆ ಹುಟ್ಟುವ ಮರಿಗಳ ವ್ಯಾಪಾರ ಅವನದೇ.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ ಬಾಯಾರ?" ಅಂದ. "ಸಂತ್ಯಾಗ ನಾವೇನ್ ಮಾಡ್ತೇವಿ ಗೊತ್ತೇನ್ರಿ? ಸುಳಿ ಮ್ಯಾಲ ಒಂದೀಟ ಗೇರೆಣ್ಣಿ ಹಚ್ತೇವಿ. ಚರ್ಮ ಸುಟ್ಟು ಹಕ್ಕಳಿ ಕಟ್ಟತೈತಿ. ಹಕ್ಕಳಿ ಉದುರಿದ್ರ ಸುಳಿನೂ ಉದುರತೈತಿ."

ಗೇರೆಣ್ಣೆ ಸಂಪದಾಗೆ ಹೊಸದಲ್ಲ. ಕರಿ ಗೇರುಬೀಜ ಕಾಯಿಸಿದರೆ ಒಸರುವ ಎಣ್ಣೆ ಅದು. ಅವಳ ಅಜ್ಜಿ ಭಾಗೀರಥೀಬಾಯಿ ಅದಕ್ಕೆ ಬಿಬ್ಬೆ ಅನ್ನುತ್ತಿದ್ದಳು, ಒಡೆದ ಹಿಮ್ಮಡಿಗೆ ಸೂಜಿಯ ತುದಿಯಿಂದ ಮುಟ್ಟಿಸಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಆಟಕ್ಕೆ ಕೈ ಹಾಕಿ ಮಣಿಕಟ್ಟು ಸುಟ್ಟುಕೊಂಡ ಸಂಪದಾಗೆ ಅದರ ಉರಿ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ಬೇಡ ಅನ್ನಲಿಲ್ಲ. ಇಲ್ಲೇ ನೋಡಿ ಬುದ್ಧಿವಂತರು ಬೀಳುವ ಹಳ್ಳ. ಸುಳಿಯನ್ನು ನಂಬುವ ಮಡಿವಾಳಪ್ಪ ಕುದುರೆಯನ್ನು ಬಿಟ್ಟು ದೂರ ಹೋದ, ಅಷ್ಟೇ. ನಂಬದ ಸಂಪದಾ ನಂಬುವವರ ಸಲುವಾಗಿ ಅದನ್ನು ಸುಡಲು ಹೊರಟಳು. ತನಗೆ ನಂಬಿಕೆ ಇಲ್ಲದ ಮೇಲೆ ತಪ್ಪಾದರೂ ಎಲ್ಲಿಯದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಿಂದಗಿಯಿಂದ ಬರುವ ಪಶುವೈದ್ಯ ಸಿದ್ದಾರೂಢನಿಗೆ ತಿಳಿದರೆ ಕೆಲಸ ಕೆಟ್ಟಿತು. ಅವನು ಬಸವನ ಬಾಗೇವಾಡಿಗೆ ಮದುವೆಗೆ ಹೋದ ದಿನವನ್ನೇ ಆರಿಸಿದರು. ಮೋದಿನಸಾಬನಿಗೆ ಕುದುರೆಯ ತಲೆ ಹಿಡಿದುಕೊಳ್ಳಲು ಹೇಳಿದಾಗ ಅವನು ಹಗ್ಗ ಹಾಕದೆ ಕೈಯಲ್ಲೇ ಹಿಡಿದುಕೊಂಡ.

"ಬಾಯಾರ, ಹುಟ್ಟಿದಾಗಿಂದ ಇದರ ಮಾರಿ ತೊಳದೇನಿ. ಈ ಸುಳಿ ಮ್ಯಾಲ ಕೈ ಆಡಿಸಿದ್ರ ಕಣ್ಣ ಮುಚ್ಚಿ ನಿಂದರತೈತಿ. ಅಲ್ಲೇ ಬೆಂಕಿ ಹಚ್ಚೂದೇನ್ರಿ?"

"ಇದನ್ನ ಉಳಿಸಾಕ ಮಾಡಾಕತ್ತೇನಿ ಕಾಕಾ. ಇಲ್ಲಾಂದ್ರ ಮೆರವಣಿಗಿಯೋರು ಒಯ್ತಾರ. ಅದು ಬೇಕೇನು?"

ಅವನಿಗೆ ಅದು ಬೇಕಾಗಿರಲಿಲ್ಲ. ತಲೆ ಹಿಡಿದ.

ರಾವಸಾಬ ಕಡ್ಡಿಗೆ ಅರಳೆ ಸುತ್ತಿ ಎಣ್ಣೆಯಲ್ಲಿ ಅದ್ದಿ ಹಚ್ಚಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಉರಿ ಹತ್ತಿತು. ಸಾರಂಗ ತಲೆ ಜಾಡಿಸಿತು, ಮೋದಿನಸಾಬ ಹಗ್ಗದ ಸಮೇತ ಗೋಡೆಗೆ ಹೋಗಿ ಬಿದ್ದ, ರಾವಸಾಬನ ಕೈಯಲ್ಲಿದ್ದ ಕಡ್ಡಿ ಮೇಲಕ್ಕೆ ಜಾರಿತು. ಕುದುರೆ ಕೂಗಿದ ಆ ದನಿಯನ್ನು ಸಂಪದಾ ಅದರ ಗಂಟಲಿನಿಂದ ಎಂದೂ ಕೇಳಿರಲಿಲ್ಲ. ಮೂವರೂ ಸೇರಿ ಕೊಡಗಟ್ಟಲೆ ನೀರು ಸುರಿದರು. ನೀರಿಗೆ ಜಾರುವ ಎಣ್ಣೆಯೇ ಅದು?

ಸಿದ್ದಾರೂಢ ಬಂದಾಗ ಕಣ್ಣು ಊದಿ ಮುಚ್ಚಿತ್ತು. "ಕಡಜ ಕಡೀತ್ರಿ" ಅಂದಳು ಸಂಪದಾ. ಅವನು ಬಹಳ ಹೊತ್ತು ನೋಡಿದ. ಹುಬ್ಬು ಗಂಟಿಕ್ಕಿದ. ಮುಲಾಮು ಕೊಟ್ಟ. "ಕಡಜ ಕಡದ್ರ ಹಿಂಗ ಆಗಂಗಿಲ್ಲ. ಇರ್ಲಿ. ಕಣ್ಣ ತಿಳಿ ಆಗೂತನಾ ಇದನ್ನ ಮಂದ್ಯಾಗ ತರಬ್ಯಾಡ್ರಿ" ಅಂದ. ತರುವುದಿಲ್ಲ ಅಂತ ಅವಳು ಮಾತು ಕೊಟ್ಟಳು.

ಊತ ಇಳಿಯಿತು, ಹಕ್ಕಳೆ ಉದುರಿತು. ಸುಳಿ ಇದ್ದಲ್ಲಿ ಬೋಳು ಚರ್ಮ ಉಳಿಯಿತು. ಕಣ್ಣು ತೆರೆಯಿತು, ಆದರೆ ಕರಿಗುಡ್ಡೆಯ ಮೇಲೆ ತೆಳ್ಳಗೆ ಬಿಳಿ ಪೊರೆಯಂಥ ಹೂವು ಬಿದ್ದಿತ್ತು. ದೂರದಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಮೋದಿನಸಾಬನಿಗೆ ಮೊದಲನೇ ದಿನವೇ ತಿಳಿಯಿತು. ಸಾರಂಗ ಎಡಕ್ಕಿದ್ದ ಬಕೆಟ್ಟು ಎಡವಿತು. ಬಾಗಿಲಿನ ಚೌಕಟ್ಟಿಗೆ ಭುಜ ಬಡಿದುಕೊಂಡಿತು. ಎಡಗಿವಿ ಯಾವಾಗಲೂ ಹೊರಕ್ಕೆ ತಿರುಗಿ, ಇಲ್ಲದ ಸಪ್ಪಳ ಹುಡುಕುತ್ತಿತ್ತು. ಗುಬ್ಬಿ ಹಾರಿದರೂ ಬೆಚ್ಚುತ್ತಿತ್ತು.

ಕುದುರೆಯನ್ನು ನಡೆಸುವವನು ನಿಲ್ಲುವುದೇ ಅದರ ಎಡಕ್ಕೆ. ಮರಿ ಇದ್ದಾಗಿನಿಂದ ಹಾಗೇ ಕಲಿಸಿರುತ್ತಾರೆ. ಬಲಕ್ಕೆ ಹೋದರೆ ಅದು ಗೊಂದಲಕ್ಕೆ ಬಿದ್ದು ತಿರುಗಿ ನಿಲ್ಲುತ್ತದೆ. ಸಂಪದಾ ಬಲಗಡೆಯಿಂದ ನಡೆಸಲು ಹೇಳಿ ನೋಡಿದಳು, ಆಗಲಿಲ್ಲ. ಕಡೆಗೆ ಮೋದಿನಸಾಬ ಎಡಕ್ಕೇ ನಿಂತು, ಅದಕ್ಕೆ ಕಾಣದಿದ್ದರೂ ಕೇಳಲಿ ಅಂತ, ಬಾಯಿ ಮುಚ್ಚದೆ ಮಾತಾಡುತ್ತಾ ನಡೆಯತೊಡಗಿದ. ಮಗನ ಗ್ಯಾರೇಜಿನ ಸುದ್ದಿ, ಮಳೆಯ ಸುದ್ದಿ, ಮೊಣಕಾಲು ನೋವಿನ ಸುದ್ದಿ, ಎಲ್ಲ ಸಾರಂಗನಿಗೆ ಹೇಳುತ್ತಿದ್ದ. ಆ ದನಿ ಇರುವತನಕ ಕುದುರೆ ಶಾಂತ.

ಇತ್ತ ರಾವಸಾಬನ ನಾಲಿಗೆ ತನ್ನ ಕೆಲಸ ಮಾಡಿತ್ತು. ಅದು ಸುಳಿಯೇ ಅಲ್ಲ, ಕೂದಲು ಕೆದರಿತ್ತು, ಈಗ ಹೋಗಿ ನೋಡಿರಿ ಅಂತ ಊರೂರು ಹೇಳಿದ. ಬಂದವರು ಬೇಲಿಯಾಚೆಯಿಂದ ನೋಡಿದರು, ಸುಳಿ ಇರಲಿಲ್ಲ. ಶಿವರಾತ್ರಿ ಮುಗಿದ ಭಾನುವಾರ ಫಾರ್ಮು ಎಲ್ಲರಿಗೂ ತೆರೆಯುತ್ತದೆ, ದೆಹಲಿಯ ಸಾಹೇಬರೂ ಬರುತ್ತಾರೆ, ಹೆಣ್ಣು ಕುದುರೆಗಳನ್ನು ಅಂದೇ ತನ್ನಿರಿ ಅಂತ ಸಂಪದಾ ಡಂಗುರ ಹೊಡೆಸಿದಳು. ಮಡಿವಾಳಪ್ಪಗೌಡನೂ ಬರುತ್ತೇನೆ ಅಂದ. ಅವಳು ಖುಷಿಯಿಂದ ಕುಣಿಯುವುದೊಂದು ಬಾಕಿ.

ಶನಿವಾರ ಮೋದಿನಸಾಬ ಅವಳ ಖೋಲಿಯ ಬಾಗಿಲಿಗೆ ಬಂದು ನಿಂತ.

"ಬಾಯಾರ, ನಾಳಿ ಸಾರಂಗನ್ನ ಹೊರಗ ತರೂದು ಬ್ಯಾಡ್ರಿ. ಡಾಕ್ಟರೂ ಅದ ಹೇಳ್ಯಾರ."

"ಅದನ್ನ ನೋಡಾಕ ಅಲ್ಲೇನು ಮಂದಿ ಬರಾಕತ್ತಿದ್ದು? ನೀವು ಮಾತಾಡ್ಕೋತ ಬಂದ್ರ ಸುಮ್ನ ಬರತೈತಿ."

"ನನ್ನ ದನಿ ಕೇಳಿದ್ರ ಬರತೈತ್ರಿ. ಮಂದಿ ಗದ್ಲದಾಗ ಕೇಳಬೇಕಲ್ರಿ. ಹಲಗಿ ಪಲಗಿ ಬಾರಿಸಿದ್ರ ನಾ ಎಲ್ಲಿದೇನಂತ ಅದಕ ತಿಳ್ಯಾಂಗಿಲ್ಲ."

"ಹಲಗಿ ಬಾರಿಸಾಕ ಬಿಡಂಗಿಲ್ಲ ಕಾಕಾ. ನನ್ನ ಮಾತು."

ಅವನು ತಲೆಯಾಡಿಸಿ ಹೋದ. ಆ ಮಧ್ಯಾಹ್ನ ಸಂಪದಾ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಒಂದು ಫೋನು ಮಾಡಿ ಕುದುರೆಗೆ ಮೈ ಸರಿಯಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಹೆದರಿಕೆ ಇತ್ತು, ಅದಕ್ಕಿಂತ ಆಸೆ ದೊಡ್ಡದಿತ್ತು.

ಭಾನುವಾರ ಜನ ಅಂದರೆ ಜನ. ಟ್ರ್ಯಾಕ್ಟರು, ಟಂಟಂ, ಬೈಕು, ಸಿಂದಗಿಯ ಬಸ್ಸು ತುಂಬಿ ಬಂದರು. ಹೆಣ್ಣು ಕುದುರೆಗಳು ಬೇವಿನ ಗಿಡಗಳ ಕೆಳಗೆ ಸಾಲಾಗಿ ನಿಂತವು. ದೆಹಲಿಯ ಸಾಹೇಬ ಅದನ್ನೆಲ್ಲ ನೋಡಿ ಸಂಪದಾಳ ಕೈ ಕುಲುಕಿದ. ಗೇಟಿನಲ್ಲಿ ಆಲಮೇಲದ ಹಲಗೆಯವರು ತಾವಾಗಿಯೇ ಬಂದು ನಿಂತಿದ್ದರು. ಇಂಥ ಗದ್ದಲಕ್ಕೆ ಅವರನ್ನು ಕರೆಯಬೇಕಾಗಿಲ್ಲ. ಸಂಪದಾ ಅವರ ಕಡೆ ಹೊರಟಳು. ಅಷ್ಟರಲ್ಲಿ ಸಾಹೇಬ, "ಓಹೋ, ನಿಮ್ಮ ಕಡೆಯ ವಾದ್ಯವೇ? ಬಾರಿಸಲಿ, ಬಾರಿಸಲಿ" ಅಂತ ಹಿಂದಿಯಲ್ಲಿ ಅಂದು ಕೈ ಬೀಸಿದ. ಬೇಡ ಅನ್ನಲು ಅವಳು ಬಾಯಿ ತೆರೆದಳು. ಯಾಕೆ ಬೇಡ ಅಂತ ಕೇಳಿದರೆ? ಬಾಯಿ ಮುಚ್ಚಿದಳು.

ಅದೇ ಹೊತ್ತಿಗೆ ಮೋದಿನಸಾಬ ಸಾರಂಗನನ್ನು ಹೊರಗೆ ತಂದಿದ್ದ. ಅವನ ತುಟಿ ಅಲ್ಲಾಡುತ್ತಿದ್ದದ್ದು ಸಂಪದಾಗೆ ದೂರದಿಂದಲೇ ಕಂಡಿತು. ಹಲಗೆಯ ಮೊದಲ ಏಟು ಬಿತ್ತು. ಆಮೇಲೆ ತುಟಿ ಮಾತ್ರ ಅಲ್ಲಾಡಿತು. ಸಾರಂಗ ನಿಂತಿತು, ಎಡಗಿವಿ ತಿರುಗಿಸಿತು, ಹುಡುಕಿತು. ಮೋದಿನಸಾಬ ಕೂಗಿ ಹೇಳಿದ, ಕೇಳಲಿಲ್ಲ. ಸಮಾಧಾನ ಮಾಡಲು ಕುತ್ತಿಗೆಯ ಮೇಲೆ ಕೈ ಇಟ್ಟ. ಕತ್ತಲೆಯಿಂದ ಬಂದ ಆ ಕೈಗೆ ಕುದುರೆ ದಿಕ್ಕು ತಪ್ಪಿ ಮೈಯೆಲ್ಲ ಒಂದಾಗಿ ಎಡಕ್ಕೆ ಎಗರಿತು. ಆ ಬದಿಗೆ ಕಲ್ಲಿನ ಗೋಡೆ, ನಡುವೆ ಅವನು.

ಹಲಗೆ ನಿಂತಾಗ ಎಲ್ಲ ಮುಗಿದಿತ್ತು. ಮೋದಿನಸಾಬನನ್ನು ವಿಜಯಪುರದ ಆಸ್ಪತ್ರೆಗೆ ಹೊತ್ತ ಗಾಡಿಯಲ್ಲಿ, ಅಂದು ನೋಡಲು ಬಂದಿದ್ದ ಮಗ ಸೊಹೇಲನೂ ಹತ್ತಿದ. ಸಿಂದಗಿ ದಾಟುವುದರೊಳಗೆ ತಂದೆಯ ಉಸಿರು ನಿಂತಿತು.

ಇತ್ತ ಬೆವೆತು ನಡುಗುತ್ತಿದ್ದ ಸಾರಂಗನ ಹತ್ತಿರ ಹೋದವರು ಇಬ್ಬರೇ. ಬೇವಿನ ಗಿಡಗಳ ಕೆಳಗೆ ಹೆಣ್ಣು ಕುದುರೆಗಳನ್ನು ಪರೀಕ್ಷಿಸುತ್ತಿದ್ದ ಸಿದ್ದಾರೂಢ ಓಡಿ ಬಂದು ಅದರ ಎಡಗಣ್ಣಿನ ಮುಂದೆ ಕೈ ಆಡಿಸಿದ. ರೆಪ್ಪೆ ಮಿಸುಕಲಿಲ್ಲ. ಅವನು ಸಂಪದಾಳ ಕಡೆ ತಿರುಗಿ, "ಕಡಜ ಅಂದ್ರಿ" ಅಂದ. ಎರಡನೆಯವನು ಮಡಿವಾಳಪ್ಪಗೌಡ. ಬೋಳು ಚರ್ಮವನ್ನು ಹತ್ತಿರದಿಂದ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸುಳಿ ಸುಟ್ಟಾರ! ಸುಟ್ರ ಹೋಗತೈತೇನ್ರಪಾ ಅದು? ಒಳಗ ಇಳದೈತಿ." ಹೆಣ್ಣು ಕುದುರೆಗಳು ಒಂದೊಂದಾಗಿ ಗೇಟು ದಾಟಿದವು. ರಾವಸಾಬ ಅದಕ್ಕೂ ಮೊದಲೇ ದಾಟಿದ್ದ.

ಫಾರ್ಮಿಗೆ ಬೀಗ ಬೀಳುತ್ತದೆ ಅಂತ ಸಂಪದಾ ಕಾದಳು. ಬಿದ್ದರೆ ಸಾಕಾಗಿತ್ತು. ಆದರೆ ಆದದ್ದೇ ಬೇರೆ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಊರೂರು ತಿರುಗಿತು. ಆಳು ತಿಂದ ಸುಳಿ, ಸುಟ್ಟರೂ ಸಾಯದ ಸುಳಿ. ಮುಂದಿನ ಭಾನುವಾರವೇ ಮುದ್ದೇಬಿಹಾಳದ ಕಡೆಯಿಂದ ಜೀಪು ಮಾಡಿಕೊಂಡು ಬಂದರು. ಆಮೇಲೆ ಇಂಗಳೇಶ್ವರದವರು, ಬಾಗೇವಾಡಿಯವರು. ಸಾರಂಗನನ್ನು ತಂತಿಬೇಲಿಯ ಒಂದು ಆವರಣದಲ್ಲಿ ಬಿಟ್ಟಿದ್ದರು. ಒಳಗೆ ಕಾಲಿಡಲು ಒಬ್ಬ ಆಳೂ ಒಪ್ಪಲಿಲ್ಲ. ಮೇವನ್ನು ಬೇಲಿಯ ಮೇಲಿಂದ ಎಸೆಯುತ್ತಿದ್ದರು, ನೀರನ್ನು ಪೈಪಿನಿಂದ ಬಿಡುತ್ತಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರು. ದೆಹಲಿಯಿಂದ ಫೋನು ಬಂತು. ಸಾವಿನ ಬಗ್ಗೆ ಎರಡು ಮಾತು ವಿಷಾದ, ಆಮೇಲೆ ಸಂತೋಷ: ಇಷ್ಟು ಮಂದಿ ಬರುತ್ತಿರುವ ಕೇಂದ್ರ ಇನ್ನೊಂದಿಲ್ಲ, ಮುಚ್ಚುವ ಮಾತೇ ಇಲ್ಲ, ಆ ಕುದುರೆಯನ್ನು ಅಲ್ಲೇ ಇರಿಸಿ. ಸಂಪದಾ ಫೋನು ಇಟ್ಟಳು. ತಾನು ಬೇಡಿದ್ದೆಲ್ಲ ಸಿಕ್ಕಿತ್ತು.

ತಂದೆ ತೀರಿದ ನಲವತ್ತನೇ ದಿನದ ಚಾಳೀಸ ಮುಗಿಸಿ ಸೊಹೇಲ ಬಂದ. ಸಿಂದಗಿಯಲ್ಲಿ ಗ್ಯಾರೇಜು ನಡೆಸುವ, ಮಿತಮಾತಿನ ಗಂಡಸು. ಅಂದು ಬೇಲಿಯ ಸುತ್ತ ಇಂಗಳೇಶ್ವರದಿಂದ ಬಸ್ಸಿಳಿದ ಮಂದಿ. ಮಡಿವಾಳಪ್ಪಗೌಡನೂ ಬೀಗರನ್ನು ಕರೆತಂದು, ತಾನು ಮೊದಲೇ ಹೇಳಿದ್ದನ್ನು ಬಣ್ಣ ಹಚ್ಚಿ ಹೇಳುತ್ತಿದ್ದ. ಸೊಹೇಲ ಅವರ ನಡುವೆಯೇ ಸಂಪದಾಳ ಮುಂದೆ ಬಂದು ನಿಂತ.

"ಬಾಯಾರ, ಅಪ್ಪಾ ಗಾಡ್ಯಾಗ ಒಂದ ಮಾತ ಅಂದ. ಕುದುರೀದು ತಪ್ಪಿಲ್ಲ, ಅದಕ ಕಾಣಸಂಗಿಲ್ಲ ಅಂದ. ಯಾಕ ಕಾಣಸಂಗಿಲ್ಲ ಅಂತ ಕೇಳಿದೆ. ಬಾಯಾರನ್ನ ಕೇಳು ಅಂದ. ಕೇಳಾಕ ಬಂದೇನ್ರಿ."

ಸಂಪದಾ ಅವನ ಮುಖ ನೋಡಿದಳು. ಸಾಯುವಾಗಲೂ ಮೋದಿನಸಾಬ ಅವಳ ಹೆಸರು ಕೆಡಿಸಿರಲಿಲ್ಲ, ಅವಳನ್ನು ಸುಮ್ಮನೆ ಬಿಟ್ಟೂ ಇರಲಿಲ್ಲ. ಅವಳು ಬೇಲಿಯ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸುಳಿದು ಏನೂ ಇಲ್ರಿ. ಗೇರೆಣ್ಣಿ ಹಚ್ಚಿಸಿದಾಕಿ ನಾನ. ಅದು ಕಣ್ಣಾಗ ಹೋತು. ಕುದುರಿ ಕುರುಡಾಗಿದ್ದು ಗೊತ್ತಿದ್ದೂ ಮಂದ್ಯಾಗ ತರಿಸಿದೆ. ಹಲಗಿ ಬ್ಯಾಡಂತ ಮಾತ ಕೊಟ್ಟು ಸುಮ್ನ ನಿಂತೆ. ಮೋದಿನಕಾಕಾನ್ನ ಕೊಂದಾಕಿ ನಾನು, ಕುದುರಿ ಅಲ್ಲ."

ಇಂಗಳೇಶ್ವರದ ಹೊನ್ನವ್ವ ಅನ್ನುವ ಮುದುಕಿ ಮುಂದೆ ಬಂದು ಅವಳ ಗಲ್ಲ ಸವರಿ ನೆಟಿಗೆ ಮುರಿದಳು. "ಎಂಥಾ ದೊಡ್ಡ ಮನಸ ನಿಂದು ನನ್ನವ್ವಾ. ಮೂಕಪ್ರಾಣಿ ಪಾಪ ನಿನ್ನ ತಲಿ ಮ್ಯಾಲ ಹೊತಗೊಂಡಿ."

"ಸುಳ್ಳ ಅಲ್ಲಬೇ ಅಜ್ಜಿ, ಖರೇ ಹೇಳಾಕತ್ತೇನಿ!"

"ಖರೇನ ಇರ್ಲಿ ಬಾಯಾರ," ಅಂದ ಮಡಿವಾಳಪ್ಪಗೌಡ, ದನಿ ಇಳಿಸಿ. "ಅಷ್ಟು ಓದಿದ ನಿಮ್ಮ ಕೈಯಿಂದ ಅಂಥಾ ಕೆಲಸಾ ಮಾಡಿಸ್ತು ಅಂದ್ರ, ಅದು ಎಂಥಾ ಸುಳಿ ಇರಬೇಕು ನೀವ ಹೇಳ್ರಿ. ಇನ್ನೂ ಯಾರ್ಯಾರನ್ನ ಹಿಡಿಯೂದೈತೋ."

ಹೌದು ಹೌದು ಅಂತ ಗುಜುಗುಜು ಎದ್ದಿತು. ಹೊಸ ಕಥೆ ಕಣ್ಣೆದುರೇ ಹುಟ್ಟಿ ಬೇಲಿಯ ಸುತ್ತ ಹೋಗುವುದನ್ನು ಸಂಪದಾ ನೋಡಿದಳು. ನಿಜ ಹೇಳಿದ್ದಕ್ಕೆ ಸುಳಿ ಇನ್ನಷ್ಟು ದೊಡ್ಡದಾಗಿತ್ತು.

"ನಾ ನಂಬ್ತೇನ್ರಿ," ಅಂದ ಸೊಹೇಲ.

ಅವಳ ಎದೆಯ ಭಾರ ಒಂದಿಷ್ಟು ಇಳಿಯಿತು. ಅವನು ಅವಳನ್ನು ನೋಡುತ್ತಿರಲಿಲ್ಲ, ಸಾರಂಗನನ್ನು ನೋಡುತ್ತಿದ್ದ. ಕುದುರೆ ಆವರಣದ ನಡುವೆ ಮುಂಗಾಲೊಂದನ್ನು ಎತ್ತಿ ಎತ್ತಿ ಇಡುತ್ತಿತ್ತು. ಮೈಮೇಲೆ ಸಗಣಿ ಒಣಗಿ ಹಕ್ಕಳೆಯಾಗಿತ್ತು.

"ಎಡಗಾಲ ಗೊರಸಿನ್ಯಾಗ ಕಲ್ಲ ಸಿಕ್ಕೈತಿ. ಯಾರೂ ತಗದಿಲ್ಲೇನ್ರಿ?"

"ಒಳಗ ಯಾರೂ ಹೋಗವಲ್ರು ಸೊಹೇಲ. ಡಾಕ್ಟರಿಗೂ ಹಿಡಕೊಳ್ಳೋರು ಬೇಕಲ್ಲ."

ಅವನು ಗೇಟಿನ ಕೊಂಡಿ ತೆಗೆದ. ಮೊಳೆಗೆ ತೂಗಿದ್ದ ಹಗ್ಗ ಬಿಡಿಸಿ ಅವಳ ಕೈಗೆ ಕೊಟ್ಟ.

"ಅಪ್ಪನ ಜಾಗಾ ಖಾಲಿ ಐತ್ರಿ," ಅಂದ.

ಸಂಪದಾ ಒಳಗೆ ಹೋದಳು. ಮಾತಾಡಬೇಕು ಅಂತ ಗೊತ್ತಿತ್ತು. ಏನು ಮಾತಾಡುವುದು? ಸಾರಂಗ, ಸಾರಂಗ ಅಂದಳು, ಗಂಟಲಿನಿಂದ ಗಾಳಿ ಮಾತ್ರ ಬಂತು. ಹಿಂದೆ ಗುಜುಗುಜು ಕೂಗಾಯಿತು, ಒಬ್ಬರು ಹೋಗಬ್ಯಾಡ್ರಿ ಅಂದರು, ಇನ್ನೊಬ್ಬರು ಸುಮ್ಮನಿರೋ ನೋಡೋಣ ಅಂದರು. ಅವಳು ಕುದುರೆಯ ಎಡಕ್ಕೆ ಹೋಗಿ ನಿಂತಳು. ಬಿಳಿ ಕಣ್ಣು ಅವಳನ್ನು ನೋಡಲಿಲ್ಲ. ಸಾರಂಗನ ಕಿವಿಗಳು ಮೆಲ್ಲಗೆ ಹಿಂದಕ್ಕೆ ಮಲಗಿದವು. ಬೇಲಿಯ ಆಚೆ ಜನ, ಚೆನ್ನಾಗಿ ಕಾಣಲಿ ಅಂತ, ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡರು.